ಬೆಕ್ಕಿನ ಮರಿಗೆ ಮೊಸರನ್ನವಿಕ್ಕಿ ಪುಣ್ಯ ಕಟ್ಟಿಕೊಳ್ಳುವವರಿಗೆ

ಕಳೆದ ತಿಂಗಳು ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಶ್ರಾದ್ಧದ ಊಟವಿತ್ತು. ಊಟ ಮುಗಿದು, ಜಗಲಿಯ ಮೇಲೆ ಎಲೆಯಡಿಕೆಯ ತಟ್ಟೆ ಕೈಯಿಂದ ಕೈಗೆ ದಾಟುತ್ತಿದ್ದಾಗ, ವರಸೆಯಲ್ಲಿ ನನಗೆ ಅತ್ತಿಗೆಯಾಗಬೇಕಾದ ಹಿರಿಯರೊಬ್ಬರು ತಮ್ಮ ಮನೆಯ ಬೆಕ್ಕಿನ ಮರಿಯ ಪ್ರಸ್ತಾಪವನ್ನೆತ್ತಿದರು. ಮೂರು ತಿಂಗಳ ಮರಿಯಂತೆ. "ನಮ್ಮದು ಶುದ್ಧ ಸಸ್ಯಾಹಾರಿ. ಮೊಸರನ್ನ ಬಿಟ್ಟು ಬೇರೆ ಮುಟ್ಟುವುದಿಲ್ಲ. ಹೋದ ಜನ್ಮದಲ್ಲಿ ಯಾರೋ ವೈದಿಕರೇ ಆಗಿದ್ದಿರಬೇಕು" ಎಂದರು. ಜಗಲಿಯ ತುಂಬ ನಗೆ, ಮೆಚ್ಚುಗೆ. ಒಬ್ಬರು ತಮ್ಮ ಮನೆಯ ಬೆಕ್ಕು ಏಕಾದಶಿಯಂದು ತಟ್ಟೆಯನ್ನೇ ಮೂಸುವುದಿಲ್ಲವೆಂದು ಹೇಳಿ ಅತ್ತಿಗೆಯವರನ್ನೂ ಮೀರಿಸಿದರು.

ನಾನು ಸುಮ್ಮನಿರಬಹುದಾಗಿತ್ತು. ಶ್ರಾದ್ಧದ ಮನೆಯಲ್ಲಿ ವಾದ ಹೂಡುವುದು ಸಭ್ಯತೆಯಲ್ಲವೆಂಬುದನ್ನು ನಾನೇ ಎಷ್ಟೋ ಮಕ್ಕಳಿಗೆ ಕಲಿಸಿದವನು. ಆದರೂ ಬಾಯಿ ಕೇಳಲಿಲ್ಲ. "ಅತ್ತಿಗೆ, ಅದು ವೈದಿಕತನವಲ್ಲ, ಉಪವಾಸ" ಎಂದುಬಿಟ್ಟೆ. ಮುಂದಿನ ಅರ್ಧ ಗಂಟೆ ನಡೆದದ್ದನ್ನು ಇಲ್ಲಿ ವರ್ಣಿಸುವುದಿಲ್ಲ. ಮೇಷ್ಟ್ರಿಗೆ ಅರವತ್ತು ದಾಟಿ ಬಹಳ ಕಾಲವಾಯಿತೆಂಬ ಅರ್ಥದ ಮಾತೊಂದು ಹಿಂದಿನ ಸಾಲಿನಿಂದ ಬಂದದ್ದು ನನ್ನ ಕಿವಿಗೂ ಬಿತ್ತು. ಅಲ್ಲಿ ಪೂರ್ತಿ ಹೇಳಲಾಗದೆ ಹೋದುದನ್ನು ಇಲ್ಲಿ ಹೇಳುತ್ತೇನೆ. ಬಂಧುಗಳೂ ಓದುತ್ತೀರಿ, ನನ್ನ ಹಳೆಯ ವಿದ್ಯಾರ್ಥಿಗಳೂ ಓದುತ್ತೀರಿ. ಕೋಪ ಬಂದವರು ಫೋನು ಮಾಡಿ ಬೈಯಬಹುದು. ಸಂಜೆ ಐದರ ಮೇಲಾದರೆ ಒಳ್ಳೆಯದು.

ಮೊದಲು ನನ್ನ ಅಪರಾಧವನ್ನು ಒಪ್ಪಿಕೊಂಡುಬಿಡುತ್ತೇನೆ. 1997ರ ಮಳೆಗಾಲದಲ್ಲಿ ನಮ್ಮ ಅಟ್ಟದ ಮೇಲೆ ಬೆಕ್ಕೊಂದು ಮೂರು ಮರಿ ಹಾಕಿ, ಮೂರು ವಾರದ ಬಳಿಕ ನಾಯಿಯ ಬಾಯಿಗೆ ಸಿಕ್ಕಿ ಸತ್ತುಹೋಯಿತು. ನನ್ನ ಹೆಂಡತಿ ಮರುಕದಿಂದ ಮರಿಗಳನ್ನು ಕೆಳಗಿಳಿಸಿ, ಆಕಳ ಹಾಲಿಗೆ ಅರ್ಧ ನೀರು ಬೆರೆಸಿ, ಹತ್ತಿಯ ಬತ್ತಿಯಲ್ಲಿ ಅದ್ದಿ ಚೀಪಿಸಿದಳು. ಎರಡನೆಯ ದಿನಕ್ಕೆ ಭೇದಿ ಹತ್ತಿತು. ಐದನೆಯ ದಿನದೊಳಗೆ ಎರಡು ಮರಿಗಳು ಹೋದವು. "ಅವುಗಳ ಆಯುಸ್ಸೇ ಅಷ್ಟು" ಎಂದು ಮನೆಯವರೆಲ್ಲ ಹೇಳಿದರು, ನಾನೂ ಹೇಳಿದೆ. ಉಳಿದ ಒಂದಕ್ಕೆ ಮಗಳು ಚುಕ್ಕಿ ಎಂದು ಹೆಸರಿಟ್ಟಳು. ನಾಯಿಯ ಭಯದಿಂದ ಅದನ್ನು ಹೊರಗೆ ಬಿಡುತ್ತಿರಲಿಲ್ಲ. ಹಾಲನ್ನ, ಮೊಸರನ್ನ, ಹಬ್ಬದ ದಿನ ಪಾಯಸದ ತಪ್ಪಲೆಯ ತಳ. ಚುಕ್ಕಿ ಹಾಗೆಯೇ ಬೆಳೆಯಿತು. ಬೆಳೆಯಿತು ಎಂಬುದು ನಮ್ಮ ಭಾವನೆ. ಎರಡು ವರ್ಷವಾದರೂ ಅದು ಆರು ತಿಂಗಳ ಮರಿಯ ಗಾತ್ರಕ್ಕಿಂತ ಹೆಚ್ಚಾಗಿರಲಿಲ್ಲ. ಅದನ್ನು ಕಂಡು ನಾವು "ಎಷ್ಟು ಮುದ್ದು, ಇನ್ನೂ ಮರಿಯ ಹಾಗೆಯೇ ಇದೆ" ಎನ್ನುತ್ತಿದ್ದೆವು.

1999ರ ದೀಪಾವಳಿಯ ಹೊತ್ತಿಗೆ ಚುಕ್ಕಿ ಬಾಗಿಲ ಚೌಕಟ್ಟಿಗೆ ಹಾಯತೊಡಗಿತು. ಮಂಚದಿಂದ ಹಾರಿದರೆ ಗುರಿ ತಪ್ಪುತ್ತಿತ್ತು. ಹಗಲಿನ ಬೆಳಕಿನಲ್ಲೂ ಅದರ ಕಣ್ಣಿನ ಪಾಪೆ ಕತ್ತಲೆಯಲ್ಲಿದ್ದಂತೆ ಅಗಲವಾಗಿ ತೆರೆದಿರುತ್ತಿತ್ತು. ಪಶುವೈದ್ಯನಾಗಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿ ಬುಟ್ಟಿಯಲ್ಲಿ ಮುಚ್ಚಿಕೊಂಡು ಒಯ್ದೆ. ಅವನು ಕಣ್ಣಿಗೆ ದೀಪ ಹಿಡಿದು ನೋಡಿದ, ಎದೆಯ ಬಡಿತ ಕೇಳಿದ, ಆಮೇಲೆ ಬಹಳ ಸಂಕೋಚದಿಂದ "ಮೇಷ್ಟ್ರೇ, ಇದಕ್ಕೆ ಊಟಕ್ಕೆ ಏನು ಹಾಕುತ್ತಿದ್ದೀರಿ?" ಎಂದು ಕೇಳಿದ. ನಾನು ಹೆಮ್ಮೆಯಿಂದಲೇ ಹೇಳಿದೆ. ಅವನು ತಲೆ ತಗ್ಗಿಸಿಕೊಂಡು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ತರಗತಿಯಲ್ಲಿ ನನ್ನ ಲೆಕ್ಕ ತಪ್ಪಿದಾಗಲೂ ಅವನು ಹೀಗೆಯೇ ತಲೆ ತಗ್ಗಿಸುತ್ತಿದ್ದ. ಕಣ್ಣು ಮರಳಿ ಬರುವುದಿಲ್ಲವೆಂದ. ಬರಲಿಲ್ಲ. ಚುಕ್ಕಿ ಮತ್ತೆ ಎಂಟು ತಿಂಗಳು ಗೋಡೆ ಸವರಿಕೊಂಡು ಓಡಾಡಿ, ಒಂದು ಬೆಳಿಗ್ಗೆ ಒಲೆಯ ಪಕ್ಕದಲ್ಲಿ ಸತ್ತಿತ್ತು.

ಅಂದು ಅವನು ನನಗೆ ಕಲಿಸಿದ ಪಾಠವಿದು. ಬೆಕ್ಕಿನ ದೇಹಕ್ಕೆ ಟಾರಿನ್ ಎಂಬ ವಸ್ತು ಬೇಕೇ ಬೇಕು. ನಮ್ಮ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹ ಸಾಕಷ್ಟು ತಯಾರಿಸಲಾರದು. ಅದು ಮಾಂಸದಲ್ಲಿದೆ, ಮೀನಿನಲ್ಲಿದೆ, ಹೃದಯದಲ್ಲಿ ಹೇರಳವಾಗಿದೆ, ಇಲಿಯಲ್ಲಂತೂ ಇದೆ. ಅಕ್ಕಿಯಲ್ಲಿ ಇಲ್ಲ, ಬೇಳೆಯಲ್ಲಿ ಇಲ್ಲ, ಆಕಳ ಹಾಲಿನಲ್ಲಿ ಇರುವುದು ಲೆಕ್ಕಕ್ಕೆ ಬಾರದಷ್ಟು. ತಮಾಷೆಯೆಂದರೆ, 1827ರಲ್ಲಿ ಅದನ್ನು ಮೊದಲು ಬೇರ್ಪಡಿಸಿದ್ದು ಎತ್ತಿನ ಪಿತ್ತರಸದಿಂದ. ಹೆಸರೂ ಹೋರಿ ಎಂಬರ್ಥದ ಲ್ಯಾಟಿನ್ ಪದದಿಂದಲೇ ಬಂದದ್ದು. ಅದರ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟಲ ನಶಿಸುತ್ತದೆಂಬುದು 1975ರಲ್ಲಿಯೇ ಪ್ರಕಟವಾಗಿತ್ತು. ಹೃದಯದ ಸ್ನಾಯು ಸಡಿಲಗೊಂಡು ಹಿಗ್ಗುತ್ತದೆಂಬುದು 1987ರಲ್ಲಿ ತಿಳಿದುಬಂತು. ಅಂದರೆ ಚುಕ್ಕಿ ಕುರುಡಾದಾಗ ಆ ಸಂಗತಿ ಲೋಕಕ್ಕೆ ತಿಳಿದು 24 ವರ್ಷಗಳಾಗಿದ್ದವು. ಆ 24 ವರ್ಷವೂ ನಾನು ವಿಜ್ಞಾನದ ಪಾಠ ಮಾಡುತ್ತಿದ್ದೆ.

ಟಾರಿನ್ ಒಂದೇ ಅಲ್ಲ. ಕ್ಯಾರೆಟ್ಟಿನ ಕೆಂಬಣ್ಣದಿಂದ ನಾವು ಎ ಜೀವಸತ್ವವನ್ನು ಮಾಡಿಕೊಳ್ಳುತ್ತೇವೆ. ಬೆಕ್ಕಿಗೆ ಆ ಸಾಮರ್ಥ್ಯವಿಲ್ಲ. ಅದಕ್ಕೆ ಯಕೃತ್ತಿನಂಥ ಪ್ರಾಣಿಮೂಲದಿಂದಲೇ ಸಿಗಬೇಕು. ಎಣ್ಣೆಯಿಂದ ತನಗೆ ಬೇಕಾದ ಕೊಬ್ಬಿನಾಮ್ಲವನ್ನು ಮಾಡಿಕೊಳ್ಳುವುದೂ ಅದಕ್ಕೆ ಕಷ್ಟ. ಇವೆಲ್ಲ ಬೆಕ್ಕಿನ ಚಪಲವಲ್ಲ, ಹಟವಲ್ಲ. ಅದರ ದೇಹರಚನೆಯೇ ಹಾಗೆ. ಹಸುವಿಗೆ ಮಾಂಸ ತಿನ್ನಿಸಹೊರಟವನನ್ನು ಊರು ಹುಚ್ಚನೆನ್ನುತ್ತದೆ. ಬೆಕ್ಕಿಗೆ ಅನ್ನ ತಿನ್ನಿಸಿ ಬೆಳೆಸಹೊರಟವನನ್ನು ಮಾತ್ರ ಧರ್ಮಾತ್ಮನೆನ್ನುತ್ತದೆ.

ಇನ್ನು ಜಗಲಿಯ ಮೇಲೆ ನನ್ನೆದುರು ಬಂದ ವಾದಗಳು.

"ನಮ್ಮಜ್ಜನ ಕಾಲದಿಂದಲೂ ಬೆಕ್ಕು ಹಾಲನ್ನ ತಿಂದೇ ಬದುಕಿಲ್ಲವೇ?" ಇಲ್ಲ. ಅಜ್ಜನ ಕಾಲದ ಬೆಕ್ಕು ಹಾಲನ್ನ ತಿಂದದ್ದನ್ನು ನಾವು ಕಂಡೆವು; ಉಳಿದದ್ದನ್ನು ಕಾಣಲಿಲ್ಲ, ಅಷ್ಟೇ. ಭತ್ತದ ಪಣತ, ಅಡಿಕೆಯ ಅಟ್ಟ, ಸೋಗೆಯ ಮಾಡು, ಹುಲ್ಲಿನ ಬಣವೆ, ಕೊಟ್ಟಿಗೆ. ರಾತ್ರಿಯಿಡೀ ಆ ಬೆಕ್ಕು ಇಲಿ, ಹಲ್ಲಿ, ಕಪ್ಪೆ, ಮಿಡತೆ, ಗುಬ್ಬಿಗಳನ್ನು ತಿಂದು, ಬೆಳಿಗ್ಗೆ ಬಾಯಿ ಒರೆಸಿಕೊಂಡು ಒಲೆಕಟ್ಟೆಗೆ ಬಂದು, ಅಜ್ಜಿ ಹಾಕಿದ ಹಾಲನ್ನವನ್ನು ತಿನ್ನುತ್ತಿತ್ತು. ನಾವದನ್ನು ಊಟವೆಂದು ತಿಳಿದೆವು. ಅದಕ್ಕೆ ಅದು ಫಲಾಹಾರ. ಈಗ ಅತ್ತಿಗೆಯವರ ಮನೆಗೆ ತಾರಸಿ ಬಂದಿದೆ, ಕಿಟಕಿಗೆ ಜಾಲರಿ ಬಂದಿದೆ, ಭತ್ತ ಬೆಳೆಯುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಇಲಿಯೂ ಇಲ್ಲ, ಕಪ್ಪೆಯೂ ಇಲ್ಲ. ಉಳಿದಿರುವುದು ಫಲಾಹಾರ ಮಾತ್ರ. ಶ್ರಾದ್ಧದ ದಿನ ಬೆಕ್ಕು ಅಡ್ಡ ಬಾರದಿರಲೆಂದು ಅಪ್ಪ ಅದನ್ನು ಬುಟ್ಟಿಯಡಿ ಮುಚ್ಚಿಟ್ಟದ್ದನ್ನು ನೋಡಿದ ಮಗ, ಅಪ್ಪನ ಶ್ರಾದ್ಧಕ್ಕೆ ಬೆಕ್ಕನ್ನು ಹುಡುಕಿ ತಂದು ಬುಟ್ಟಿ ಮುಚ್ಚಿದ ಕಥೆ ನಿಮಗೆಲ್ಲ ಗೊತ್ತಿದೆ. ನಗುತ್ತ ಹೇಳುತ್ತೀರಿ. ಅಂದು ಊಟ ಮಾಡಿ ಬಂದವರೇ ಆ ಬುಟ್ಟಿಯ ಕಥೆಗೆ ಇನ್ನೊಂದು ಅಧ್ಯಾಯ ಸೇರಿಸುತ್ತಿದ್ದಿರಿ.

ಅಜ್ಜನ ಕಾಲದ ಇನ್ನೊಂದು ಲೆಕ್ಕವನ್ನೂ ಯಾರೂ ಮಾಡಿಲ್ಲ. ಬೆಕ್ಕು ಒಂದು ಸೂಲಿಗೆ ನಾಲ್ಕು ಮರಿ, ವರ್ಷಕ್ಕೆ ಎರಡು ಸೂಲು ಎಂದು ಹಿಡಿಯಿರಿ. ಹತ್ತು ವರ್ಷಕ್ಕೆ 80 ಮರಿ. ಮನೆಯಲ್ಲಿ ಯಾವಾಗ ನೋಡಿದರೂ ಇದ್ದದ್ದು ಒಂದೋ ಎರಡೋ ಬೆಕ್ಕು. ಉಳಿದವು ಎಲ್ಲಿ ಹೋದವು? ಕೆಲವನ್ನು ಗಂಡುಬೆಕ್ಕು ಕೊಂದಿತು, ಕೆಲವನ್ನು ನಾಯಿ ಕೊಂದಿತು, ಕೆಲವನ್ನು ಚೀಲಕ್ಕೆ ತುಂಬಿ ಹೊಳೆಯಾಚೆ ಬಿಟ್ಟೆವು. ಮಿಕ್ಕವು ನಮ್ಮ ಹಾಲಿನ ಬತ್ತಿಯಿಂದ ಭೇದಿಯಾಗಿ ಸತ್ತವು. ಬದುಕಿದ ಒಂದನ್ನು ತೋರಿಸಿ "ನೋಡಿ, ಬದುಕಿಲ್ಲವೇ?" ಎನ್ನುವುದು, ಪರೀಕ್ಷೆಯಲ್ಲಿ ಪಾಸಾದ ಒಬ್ಬ ಹುಡುಗನನ್ನು ಮಾತ್ರ ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸಿದ ಹಾಗೆ.

"ಹಾಲು ಅಮೃತ, ಅದರಲ್ಲಿ ಎಲ್ಲವೂ ಇದೆ." ಕರುವಿಗೆ ಬೇಕಾದ ಎಲ್ಲವೂ ಇದೆ, ಒಪ್ಪುತ್ತೇನೆ. ಬೆಕ್ಕಿನ ಹಾಲಿನಲ್ಲಿ ಆಕಳ ಹಾಲಿನ ಎರಡು ಪಟ್ಟಿನಷ್ಟು ಪ್ರೋಟೀನು ಇರುತ್ತದೆ. ನಾವು ಆಕಳ ಹಾಲನ್ನೂ ಹಾಗೆಯೇ ಕೊಡದೆ ನೀರು ಬೆರೆಸುತ್ತೇವೆ. ಅದರಲ್ಲಿರುವ ಸಕ್ಕರೆಯನ್ನು ಅರಗಿಸುವ ಶಕ್ತಿ ತಾಯಿಹಾಲು ಬಿಟ್ಟ ಮೇಲೆ ಮರಿಯಲ್ಲಿ ಕುಗ್ಗುತ್ತ ಹೋಗುತ್ತದೆ, ಆದ್ದರಿಂದಲೇ ಭೇದಿ. ಮೇಕೆಯ ಹಾಲಾದರೂ ಆ ಸಕ್ಕರೆ ಹೆಚ್ಚುಕಡಿಮೆ ಅಷ್ಟೇ. ಹಾಲು ವಿಷವೆಂದು ನಾನು ಹೇಳುತ್ತಿಲ್ಲ. ದೊಡ್ಡ ಬೆಕ್ಕೊಂದು ನಾಲ್ಕು ಚಮಚ ಹಾಲು ನೆಕ್ಕಿ ಸುಖವಾಗಿರಬಹುದು, ಮೊಸರು ಇನ್ನೂ ಸುಲಭವಾಗಿ ಅರಗಬಹುದು. ಊಟದ ಮೇಲೆ ಅದು ಇರಲಿ. ಊಟವೇ ಅದಾಗಬಾರದು.

ಈ ಸಂದರ್ಭದಲ್ಲಿ ತೆನಾಲಿ ರಾಮಕೃಷ್ಣನ ಬೆಕ್ಕು ನೆನಪಾಗುತ್ತದೆ. ಕೃಷ್ಣದೇವರಾಯ ಇಲಿಗಳ ಕಾಟ ತಡೆಯಲು ಮನೆಗೊಂದು ಬೆಕ್ಕು, ಅದರ ಹಾಲಿಗೆಂದು ಒಂದು ಹಸು ಕೊಟ್ಟನಂತೆ. ರಾಮಕೃಷ್ಣ ತನ್ನ ಬೆಕ್ಕಿಗೆ ಕುದಿಯುವ ಹಾಲನ್ನಿಟ್ಟು ಬಾಯಿ ಸುಡಿಸಿದ. ಅದು ಮುಂದೆ ಹಾಲು ಕಂಡರೆ ಓಡತೊಡಗಿತು. ಹಾಲೆಲ್ಲ ಅವನ ಪಾಲಾಯಿತು. ಈ ಕಥೆಯನ್ನು ನಾನು ಎಷ್ಟು ತಂಡದ ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನಿಮ್ಮಲ್ಲಿ ಹಲವರು ನಕ್ಕದ್ದು ಕಣ್ಣಿಗೆ ಕಟ್ಟಿದಂತಿದೆ. ಅರಮನೆಗೆ ಬಂದ ಬೆಕ್ಕುಗಳಲ್ಲಿ ಅದೊಂದೇ ಬಡಕಲಾಗಿತ್ತೆಂದು ಕಥೆ ಹೇಳುತ್ತದೆ. ಇಲಿಯ ಕಾಟವಿದ್ದ ಊರಿನಲ್ಲಿ, ಹಾಲಿಲ್ಲದ ಬೆಕ್ಕೇ ಎಲ್ಲಕ್ಕಿಂತ ಹೆಚ್ಚು ಇಲಿ ಹಿಡಿದು ಕೊಬ್ಬಿರಬೇಕಲ್ಲವೇ ಎಂದು ಒಬ್ಬ ಹುಡುಗನೂ ಕೇಳಲಿಲ್ಲ, ಹೇಳಿಕೊಟ್ಟ ನನಗೂ ಹೊಳೆಯಲಿಲ್ಲ.

"ಪಾಯಸ ಇಟ್ಟರೂ ಇಷ್ಟಪಟ್ಟು ತಿನ್ನುತ್ತದೆ, ಸಿಹಿ ಅದಕ್ಕೆ ಪ್ರೀತಿ" ಎಂದವರೂ ಇದ್ದರು. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದು. ನಾಲಗೆಯಲ್ಲಿ ಸಿಹಿಯನ್ನು ಗುರುತಿಸುವ ಗ್ರಾಹಕಕ್ಕೆ ಬೇಕಾದ ವಂಶವಾಹಿಯೇ ಅದರಲ್ಲಿ ಕೆಟ್ಟುಹೋಗಿದೆಯೆಂದು 2005ರಲ್ಲಿ ಕಂಡುಕೊಂಡಿದ್ದಾರೆ. ಪಾಯಸದಲ್ಲಿ ಅದು ಹುಡುಕುವುದು ತುಪ್ಪದ ಜಿಡ್ಡನ್ನು. ಹಸಿದದ್ದು ಏನನ್ನಾದರೂ ತಿನ್ನುತ್ತದೆ.

ಈಗ ಪ್ರಮಾಣದ ಮಾತು. ಲೆಕ್ಕದ ಮೇಷ್ಟ್ರಾದ್ದರಿಂದ ಸಹಿಸಿಕೊಳ್ಳಿ. ಎರಡೂವರೆ ತಿಂಗಳ ಮರಿ ಸುಮಾರು ಒಂದು ಕಿಲೋ ತೂಗುತ್ತದೆ. ಬೆಳೆಯುವ ದೇಹವಾದ್ದರಿಂದ ಅದಕ್ಕೆ ದಿನಕ್ಕೆ ಹತ್ತಿರಹತ್ತಿರ 200 ಕಿಲೋಕ್ಯಾಲೊರಿ ಬೇಕು. ನಾಲ್ಕು ಕಿಲೋ ತೂಗುವ ಅದರ ತಾಯಿಗೆ, ಮರಿಗಳಿಗೆ ಹಾಲೂಡಿಸುವುದನ್ನು ನಿಲ್ಲಿಸಿದ ಮೇಲೆ, ಬೇಕಾಗುವುದೂ ಸುಮಾರು ಅಷ್ಟೇ! "ಇಷ್ಟು ಚಿಕ್ಕದಕ್ಕೆ ಎಷ್ಟು ಬೇಕು ಮಹಾ" ಎನ್ನುವ ಮಾತು ಇಲ್ಲಿಯೇ ಬಿದ್ದುಹೋಗುತ್ತದೆ. ಅರ್ಧ ಅನ್ನ ಅರ್ಧ ಮೊಸರು ಸೇರಿಸಿದ ಗಟ್ಟಿ ಮೊಸರನ್ನದ 100 ಗ್ರಾಮಿನಲ್ಲಿ ಸುಮಾರು 95 ಕಿಲೋಕ್ಯಾಲೊರಿ, 3 ಗ್ರಾಂ ಪ್ರೋಟೀನು ಇರುತ್ತದೆ. 200 ಕಿಲೋಕ್ಯಾಲೊರಿಗೆ ಮರಿ 210 ಗ್ರಾಂ ಮೊಸರನ್ನ ತಿನ್ನಬೇಕು. ಅಂದರೆ ತನ್ನ ತೂಕದ ಐದನೆಯ ಒಂದು ಭಾಗ. 55 ಕಿಲೋ ತೂಗುವ ನಾನು ದಿನಕ್ಕೆ 11 ಕಿಲೋ ಮೊಸರನ್ನ ಉಂಡ ಹಾಗಾಯಿತು. ಅಷ್ಟನ್ನೂ ತಿಂದಿತೆಂದೇ ಇಟ್ಟುಕೊಳ್ಳೋಣ, ಸಿಗುವ ಪ್ರೋಟೀನು ಆರು ಗ್ರಾಂ ಚಿಲ್ಲರೆ. ಬೇಕಾದದ್ದು 11ರಿಂದ 15 ಗ್ರಾಂ. ವಾಸ್ತವದಲ್ಲಿ ನಾವು ಹಾಕುವುದು ಎಲೆಯ ಕೊನೆಯಲ್ಲಿ ಉಳಿದ ಮಜ್ಜಿಗೆಯನ್ನದ ಒಂದು ತುತ್ತು. ಇದು ನಮ್ಮ ಮನೆಗಳಲ್ಲಿ ನಡೆಯುತ್ತಿರುವ ಅನ್ನದಾನ.

ನನ್ನ ಮಾಂಸಾಹಾರಿ ವಿದ್ಯಾರ್ಥಿಗಳು ಇಷ್ಟು ಓದಿ ಮುಗುಳ್ನಗುತ್ತಿರಬಹುದು. ನಗಬೇಡಿ. ನಿಮ್ಮಲ್ಲೊಬ್ಬಳು ತನ್ನ ಮರಿಗೆ ಮೂರು ತಿಂಗಳು ಕೋಳಿಯ ಎದೆಮಾಂಸವನ್ನಷ್ಟೇ, ಎಲುಬು ತೆಗೆದು, ಬೇಯಿಸಿ ಹಾಕಿದಳು. ನಾಲ್ಕನೆಯ ತಿಂಗಳಲ್ಲಿ ಅದು ಕುಂಟತೊಡಗಿ, ಕುರ್ಚಿಯಿಂದ ಹಾರಿದಾಗ ಹಿಂಗಾಲು ಮುರಿಯಿತು. ಬರಿಯ ಮಾಂಸದಲ್ಲಿ ರಂಜಕ ಬಹಳ, ಸುಣ್ಣದಂಶ ಅತ್ಯಲ್ಪ. ಎರಡೂ ಹೆಚ್ಚುಕಡಿಮೆ ಸಮವಿರಬೇಕು. ಸಾಲದೆ ಬಂದಾಗ ದೇಹ ತನ್ನ ಎಲುಬನ್ನೇ ಕರಗಿಸಿ ರಕ್ತಕ್ಕೆ ಸುಣ್ಣ ಒದಗಿಸುತ್ತದೆ. ಇಲಿಯನ್ನು ಬೆಕ್ಕು ಎಲುಬು, ಕರುಳು, ಯಕೃತ್ತುಗಳ ಸಮೇತ ತಿನ್ನುತ್ತದೆ. ನಾವು ಎದೆಮಾಂಸ ಹಾಕಿ ಇಲಿಗೆ ಸಮವೆಂದುಕೊಳ್ಳುತ್ತೇವೆ. ಹಾಗೆಂದು ಬೇಯಿಸಿದ ಎಲುಬು ಹಾಕಬೇಡಿ, ಅದು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಮಸಾಲೆಯ ಸಾರಿನ ತುಂಡನ್ನಂತೂ ಹಾಕಲೇಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಯಕೃತ್ತು ವಾರಕ್ಕೊಮ್ಮೆ ಸಣ್ಣ ತುಣುಕು ಸಾಕು, ದಿನವೂ ಹಾಕಿದರೆ ಎ ಜೀವಸತ್ವ ಮಿತಿಮೀರುತ್ತದೆ. ಮಾಂಸ ಬೇಯಿಸಿದ ನೀರನ್ನು ಚೆಲ್ಲದೆ ಅದರೊಡನೆಯೇ ಕೊಡಿ; ಟಾರಿನ್ ನೀರಿಗಿಳಿಯುತ್ತದೆ.

ಇಷ್ಟೆಲ್ಲ ತೂಗಿ ಅಳೆದು ಮನೆಯಲ್ಲಿ ತಯಾರಿಸುವುದು ಹೆಚ್ಚಿನವರಿಂದಾಗದು. ಆದುದರಿಂದ ಮರಿಗಳಿಗೆಂದೇ ತಯಾರಿಸಿದ ಆಹಾರದ ಪ್ಯಾಕೆಟ್ ತನ್ನಿ ಎನ್ನುತ್ತೇನೆ. "ಕಂಪನಿಯವರ ವ್ಯಾಪಾರ" ಎಂದು ಭಾವನವರು ಗುಡುಗಿದರು. ವ್ಯಾಪಾರವೇ, ಸಂದೇಹವಿಲ್ಲ, ಚೀಲದ ಮೇಲಿನ ಚಿತ್ರವನ್ನು ನಾನೂ ನಂಬುವುದಿಲ್ಲ. ಚಿತ್ರ ಬಿಟ್ಟು ಹಿಂಬದಿಯ ಸಣ್ಣಕ್ಷರ ಓದಿ. ಬೆಳೆಯುವ ಮರಿಗೆ ಸಂಪೂರ್ಣ ಆಹಾರವೆಂದು ಬರೆದಿರಬೇಕು; ಒಣ ಆಹಾರವಾದರೆ ಪ್ರೋಟೀನು ಶೇಕಡ 30ಕ್ಕೆ ಕಡಿಮೆಯಿರಬಾರದು. ನಾಯಿಯದು ಅಗ್ಗವೆಂದು ತರಬೇಡಿ, ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರಬೇಕೆಂಬ ನಿಯಮವಿಲ್ಲ. ಒಂದು ಕಿಲೋ ತೂಗುವ ಮರಿಗೆ ಒಣ ಆಹಾರ ದಿನಕ್ಕೆ 50ರಿಂದ 60 ಗ್ರಾಂ. ಹೊಟ್ಟೆ ಚಿಕ್ಕದಾದ್ದರಿಂದ ಅದನ್ನು ನಾಲ್ಕು ಹೊತ್ತಿಗೆ ಹಂಚಬೇಕು; ನಾಲ್ಕು ತಿಂಗಳ ಮೇಲೆ ಮೂರು ಹೊತ್ತು, ಆರರ ಮೇಲೆ ಎರಡು. ಒಂದು ವರ್ಷದವರೆಗೆ ಮರಿಯ ಆಹಾರವೇ. ಪಕ್ಕದಲ್ಲಿ ಸದಾ ಶುದ್ಧ ನೀರು. ತಾಯಿಯಿಲ್ಲದ ಎಳೆಯ ಮರಿಗಾದರೆ ಔಷಧಿ ಅಂಗಡಿಯಲ್ಲೋ ಪಶುವೈದ್ಯರಲ್ಲೋ ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ವಿಚಾರಿಸಿ. ಮೊದಲು ಮೈ ಬೆಚ್ಚಗೆ ಮಾಡಿ, ಅಂಗಾತ ಮಲಗಿಸದೆ ಹೊಟ್ಟೆಯ ಮೇಲೆ ಮಲಗಿಸಿ ಕುಡಿಸಿ. ಇದು 1997ರಲ್ಲಿ ನನಗೆ ತಿಳಿದಿದ್ದರೆ!

ಬೆಂಗಳೂರಿನ ನನ್ನ ತಮ್ಮನ ಮಗನ ಮನೆಯಲ್ಲಿ ಇದಕ್ಕೆ ವಿರುದ್ಧವಾದ ರೋಗ. ಬಟ್ಟಲು ಬರಿದಾಗುವುದೇ ಇಲ್ಲ. ಮರಿಯಾಗಿದ್ದಾಗ ಅದು ಒಪ್ಪಿತು. ಏಳನೆಯ ತಿಂಗಳಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯಾಯಿತು, ಬೆಳವಣಿಗೆಯ ವೇಗ ಇಳಿಯಿತು, ಬಟ್ಟಲು ಮಾತ್ರ ಇಳಿಯಲಿಲ್ಲ. ಈಗದು ದಿಂಬಿನಂತಿದೆ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ಅವನಿಗೆ ಇಷ್ಟು ಸಾಕು.

"ಹೊಟ್ಟೆ ತುಂಬಿದರೆ ಇಲಿ ಹಿಡಿಯುವುದಿಲ್ಲ" ಎಂಬುದು ತೋಟದ ಮನೆಗಳವರ ವಾದ. ಒಳ್ಳೆಯ ಆಹಾರ ಸಿಕ್ಕಿದ ಬೆಕ್ಕು ಮನೆಗೆ ತರುವ ಬೇಟೆ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಯಿತೆಂದು ಇಂಗ್ಲೆಂಡಿನಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕಂಡುಕೊಂಡಿದೆ. ನನ್ನ ವಾದಕ್ಕೆ ಅನುಕೂಲವಲ್ಲವೆಂದು ಅದನ್ನು ಮುಚ್ಚಿಡಲಾರೆ. ಆದರೆ ಮೂರರಲ್ಲಿ ಎರಡು ಭಾಗ ಉಳಿಯಿತಲ್ಲ! ಇಲಿಯ ಸಪ್ಪಳ ಕೇಳಿದರೆ ಎದುರಿಗಿದ್ದ ಬಟ್ಟಲನ್ನೇ ಬಿಟ್ಟು ಓಡುವ ಬೆಕ್ಕನ್ನು ನೀವೂ ಕಂಡಿದ್ದೀರಿ. ಬಡಕಲು ಮರಿ ಹಿಡಿಯುವುದಕ್ಕಿಂತ ಗಟ್ಟಿಮುಟ್ಟಾದ ಬೆಕ್ಕು ಹಿಡಿಯುವುದೇ ಹೆಚ್ಚು.

ಕೊನೆಗೆ ಅತ್ತಿಗೆಯವರು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ ಮಾತು: "ನಮ್ಮ ಅಡುಗೆಮನೆಗೆ ಮಾಂಸ ತರುವುದು ಹೇಗಪ್ಪ? ನಿನಗೆ ಪಾಪವೆನಿಸುವುದಿಲ್ಲವೇ?" ಇದನ್ನು ನಾನು ಲಘುವಾಗಿ ತೆಗೆದುಕೊಳ್ಳಲಾರೆ. ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದವನು ನಾನು. ಬೆಕ್ಕಿನ ಪ್ಯಾಕೆಟ್ಟಿನಲ್ಲಿ ಕೋಳಿಯ ಪ್ರಾಣವೂ ಇದೆಯೆಂಬುದು ನನಗೆ ಗೊತ್ತು, ಅದನ್ನು ಕತ್ತರಿಸುವಾಗ ಪ್ರತಿ ಸಲವೂ ಗೊತ್ತು. ಆದರೆ ಮರಿಯನ್ನು ಬಾಗಿಲೊಳಗೆ ಕೂಡಿಹಾಕಿ, ಅದು ತಾನಾಗಿ ಹುಡುಕಿಕೊಳ್ಳಬಹುದಾದ ಆಹಾರವನ್ನು ತಪ್ಪಿಸಿ, ಅದರ ಕಣ್ಣು ಕೆಡುವವರೆಗೆ ನಮ್ಮ ವ್ರತವನ್ನು ಅದರ ಹೊಟ್ಟೆಯ ಮೇಲೆ ನಡೆಸುವುದು ಅಹಿಂಸೆಯೆಂದು ನನಗೆ ಯಾರೂ ಒಪ್ಪಿಸಲಾರರು. ವ್ರತ ಹಿಡಿದವರು ನಾವು, ಬೆಕ್ಕಲ್ಲ. ಮಾಂಸದ ವಾಸನೆ ಸಹಿಸಲಾಗದಿದ್ದರೆ ಬೆಕ್ಕನ್ನು ಸಾಕಬೇಡಿ. ಆಕಳು ಸಾಕಿ, ಮೊಲ ಸಾಕಿ, ಗಿಡ ಬೆಳೆಸಿ. ಮರಿಯನ್ನು ಉಣಿಸಬಲ್ಲ ಮನೆಗೆ ಕೊಟ್ಟುಬಿಡಿ. ಅದರಲ್ಲಿ ಅವಮಾನವೇನೂ ಇಲ್ಲ.

ನಮ್ಮ ಮನೆಯಲ್ಲಿ ಆದ ಏರ್ಪಾಡು ಹೀಗಿದೆ. ಹಿತ್ತಿಲ ಕಟ್ಟೆಯ ಮೇಲೆ ಬೆಕ್ಕಿನ ತಟ್ಟೆ, ಅದಕ್ಕೇ ಮೀಸಲಾದ ಚಮಚ, ಪ್ಯಾಕೆಟ್ಟಿಗೆ ಬಚ್ಚಲ ಮಾಡಿನಲ್ಲಿ ಮುಚ್ಚಳದ ಡಬ್ಬಿ. ಹೆಂಡತಿ ಮೊದಲ ವಾರ ಮುಖ ತಿರುಗಿಸಿಕೊಂಡೇ ಹಾಕಿದಳು. ಈಗಿನ ಮರಿಗೆ ಮೊಮ್ಮಗಳು ಇಟ್ಟ ಹೆಸರು ಬೊಟ್ಟು. ಪ್ರತಿ ಭಾನುವಾರ ಅದನ್ನು ಅಡುಗೆಮನೆಯದಲ್ಲದ ತಕ್ಕಡಿಯಲ್ಲಿ ತೂಗಿ, ಹಳೆಯ ಹಾಜರಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಎಂಟನೆಯ ವಾರ 810 ಗ್ರಾಂ, ಹನ್ನೆರಡನೆಯ ವಾರ 1,260 ಗ್ರಾಂ. ವಾರಕ್ಕೆ ಸುಮಾರು 100 ಗ್ರಾಂ ಏರಬೇಕು. ಒಂದು ವಾರ ಏರದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ನಿನ್ನೆ ಸಂಜೆ ಅತ್ತಿಗೆಯವರ ಫೋನು ಬಂದಿತ್ತು. ಬೈಯಬಹುದೆಂದು ಸಿದ್ಧನಾಗಿಯೇ ತೆಗೆದುಕೊಂಡೆ. ಮರಿ ರಾತ್ರಿಯೆಲ್ಲ ಗೋಡೆಯ ಸುಣ್ಣ ನೆಕ್ಕುತ್ತದಂತೆ, ಯಾಕಿರಬಹುದು ಎಂದು ಕೇಳಿದರು. ಭಾನುವಾರ ಬುಟ್ಟಿಯಲ್ಲಿಟ್ಟುಕೊಂಡು ಬನ್ನಿ, ಮೊದಲು ತೂಗೋಣ, ಆಮೇಲೆ ವೈದ್ಯರ ಹತ್ತಿರ ನಾನೇ ಕರೆದೊಯ್ಯುತ್ತೇನೆ ಎಂದಿದ್ದೇನೆ.